ಮೇಲಿನಿಂದ ಇಳಿಯುವ ಬೆಂಕಿ: ಓವನ್ ಬ್ರಾಯ್ಲರ್‌ನಲ್ಲಿ ಸ್ಟೇಕ್

ಅಮೆರಿಕದ ಮನೆಗಳ ಬಹುತೇಕ ಓವನ್‌ಗಳ ಒಳಗೆ, ಮೇಲ್ಭಾಗಕ್ಕೆ ಅಂಟಿದಂತೆ ಒಂದು ವಿದ್ಯುತ್ ಕಾಯಿಲ್ ಅಥವಾ ಗ್ಯಾಸ್ ಬರ್ನರ್ ಇರುತ್ತದೆ. ಅದೇ ಬ್ರಾಯ್ಲರ್. ಹಳೆಯ ಗ್ಯಾಸ್ ಓವನ್‌ಗಳಲ್ಲಿ ಅದಕ್ಕಾಗಿಯೇ ಕೆಳಗೊಂದು ಡ್ರಾಯರ್ ಇರುವುದೂ ಉಂಟು. ಕೇಕ್, ಬ್ರೆಡ್ ಬೇಯುವಾಗ ಓವನ್ನಿನೊಳಗಿನ ಗಾಳಿ ಕಾದು ನಿಧಾನವಾಗಿ ಸುತ್ತಲಿಂದ ಬೇಯಿಸುತ್ತದೆ. ಬ್ರಾಯ್ಲರ್ ಹಚ್ಚಿದಾಗ ಹಾಗಲ್ಲ. ಕೆಂಡದ ಒಲೆಯನ್ನು ತಲೆಕೆಳಗಾಗಿ ತೂಗುಹಾಕಿದಂತೆ ಶಾಖವೆಲ್ಲ ಮೇಲಿನಿಂದ ನೇರವಾಗಿ ಇಳಿಯುತ್ತದೆ. ದನದ ಮಾಂಸದ ದಪ್ಪ ತುಂಡು, ಅಂದರೆ ಸ್ಟೇಕ್, ಹೊರಗೆ ಕಂದಾಗಿ ಗರಿಗಟ್ಟಿ ಒಳಗೆ ರಸಭರಿತವಾಗಿ ಉಳಿಯಬೇಕಾದರೆ ಬೇಕಾದುದು ಇಂಥದೇ ಶಾಖ.

ಬಾಣಲೆಯಲ್ಲಿ ಶಾಖ ಲೋಹದಿಂದ ಮಾಂಸಕ್ಕೆ ಸ್ಪರ್ಶದ ಮೂಲಕ ದಾಟುತ್ತದೆ. ಬ್ರಾಯ್ಲರ್‌ನಲ್ಲಿ ವಿಕಿರಣದ ಮೂಲಕ ಬರುತ್ತದೆ. ವಿಕಿರಣದ ಶಾಖ ಕಾಯಿಲ್ಲಿನ ಕೆಲ್ವಿನ್ ಉಷ್ಣಾಂಶದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆ ಉಷ್ಣಾಂಶ ಶೇ 10ರಷ್ಟು ಹೆಚ್ಚಿದರೆ ಹೊಮ್ಮುವ ಶಾಖ ಶೇ 46ರಷ್ಟು ಹೆಚ್ಚುತ್ತದೆ. ಅರ್ಧ ಕಾದ ಕಾಯಿಲ್ಲಿನ ಕೆಳಗೆ ಮಾಂಸ ಇಟ್ಟರೆ ಅದು ಸುಡುವ ಬದಲು ಬೆಂದು ಬೂದುಬಣ್ಣಕ್ಕೆ ತಿರುಗುವುದು ಇದರಿಂದಲೇ. ಐದರಿಂದ ಹತ್ತು ನಿಮಿಷ ಮೊದಲೇ ಬ್ರಾಯ್ಲರ್ ಹಚ್ಚಿ, ಕಾಯಿಲ್ ಕೆಂಪಗಾದ ಮೇಲೆಯೇ ಮಾಂಸ ಒಳಗಿಡಬೇಕು. ಕೆಲವು ವಿದ್ಯುತ್ ಓವನ್‌ಗಳಲ್ಲಿ ಒಳಗಿನ ಗಾಳಿ ತೀರಾ ಕಾದರೆ ಥರ್ಮೋಸ್ಟ್ಯಾಟ್ ಕಾಯಿಲ್ಲನ್ನು ಆರಿಸಿಬಿಡುತ್ತದೆ. ಅದನ್ನು ತಪ್ಪಿಸಲು ಅಂಥವುಗಳ ಬಾಗಿಲನ್ನು ತುಸು ತೆರೆದಿಡುವ ರೂಢಿ ಇದೆ. ಗ್ಯಾಸ್ ಓವನ್‌ನ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರಬೇಕು. ಈ ವಿಷಯದಲ್ಲಿ ತಯಾರಕರ ಕೈಪಿಡಿಯ ಮಾತೇ ಕೊನೆಯದು.

ಶಾಖವನ್ನು ಹದಕ್ಕೆ ತರುವ ನಿಜವಾದ ಸಾಧನ ಗುಂಡಿಯಲ್ಲ, ದೂರ. ಒಂದು ಇಂಚು, ಅಂದರೆ ಎರಡೂವರೆ ಸೆಂ.ಮೀ. ದಪ್ಪದ ಸ್ಟೇಕ್‌ನ ಮೇಲ್ಮೈ ಕಾಯಿಲ್ಲಿನಿಂದ 7ರಿಂದ 10 ಸೆಂ.ಮೀ. ಕೆಳಗಿದ್ದರೆ ಸರಿ. ಒಂದೂವರೆ ಇಂಚಿನದಾದರೆ ತಟ್ಟೆಯನ್ನು ಒಂದು ಹಂತ ಕೆಳಗಿಳಿಸಬೇಕು. ಇಲ್ಲವಾದರೆ ನಡುಭಾಗ ಬಿಸಿಯಾಗುವ ಮೊದಲೇ ಮೇಲ್ಮೈ ಕರಿಕಾಗುತ್ತದೆ. ಭಾರತದ ಮನೆಗಳ ಪುಟ್ಟ ಓಟಿಜಿಗಳಲ್ಲೂ ಮೇಲೊಂದು ರಾಡ್ ಇದೆ. ಅದರ ಶಕ್ತಿ ಕಡಿಮೆಯಾದ್ದರಿಂದ ಅಲ್ಲಿ ಇನ್ನಷ್ಟು ಹತ್ತಿರ ಇಡಬೇಕಾಗುತ್ತದೆ.

ದಪ್ಪದಷ್ಟೇ ಮುಖ್ಯವಾದುದು ತುಂಡಿನ ಆಯ್ಕೆ. ರಿಬ್‌ಐ, ಸ್ಟ್ರಿಪ್, ಟಿ-ಬೋನ್‌ಗಳಲ್ಲಿ ಮಾಂಸದೊಳಗೇ ಹರಡಿದ ಕೊಬ್ಬಿನ ಎಳೆಗಳು ಒಣಶಾಖದಲ್ಲೂ ಮಾಂಸವನ್ನು ಮೃದುವಾಗಿ ಇಡುತ್ತವೆ. ಅಮೆರಿಕದ ಕೃಷಿ ಇಲಾಖೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ನೀಡುವಾಗ ನೋಡುವುದರಲ್ಲಿ ಈ ಕೊಬ್ಬಿನ ಹರವು ಪ್ರಮುಖ. ಮುಕ್ಕಾಲು ಇಂಚಿಗಿಂತ ತೆಳುವಾದ ತುಂಡು ಬ್ರಾಯ್ಲರ್‌ಗೆ ಅಷ್ಟಾಗಿ ಒಗ್ಗದು. ಹೊರಮೈ ಕಂದಾಗುವಷ್ಟರಲ್ಲಿ ಒಳಗೆಲ್ಲ ಒಣಗಿರುತ್ತದೆ.

ಮೇಲ್ಮೈ ಒಣಗಿರಬೇಕೆಂಬ ನಿಯಮವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಕಂದುಬಣ್ಣ, ಸುವಾಸನೆ ಎರಡಕ್ಕೂ ಕಾರಣ ಮೈಲಾರ್ಡ್ ಕ್ರಿಯೆ: ಅಮೈನೋ ಆಮ್ಲ ಮತ್ತು ಸಕ್ಕರೆಗಳ ನಡುವೆ ನಡೆಯುವ ಈ ಸರಣಿ ಕ್ರಿಯೆಯನ್ನು ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಲಾರ್ಡ್ 1912ರಲ್ಲಿ ವಿವರಿಸಿದರು. ಅದು ಬಿರುಸಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಮೇಲ್ಮೈಯಲ್ಲಿ ನೀರಿರುವ ತನಕ ಅಲ್ಲಿನ ಉಷ್ಣಾಂಶ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಶಾಖವೆಲ್ಲ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಹಾಗಾಗಿ ಮಾಂಸವನ್ನು ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಉಪ್ಪನ್ನು ಮುಕ್ಕಾಲು ಗಂಟೆ ಮೊದಲೇ ಹಚ್ಚಬೇಕು, ಇಲ್ಲವೇ ಒಳಗಿಡುವ ಕ್ಷಣದಲ್ಲಿ ಹಚ್ಚಬೇಕು. ನಡುವಿನ ಹೊತ್ತಿನಲ್ಲಿ ಉಪ್ಪು ಎಳೆದ ನೀರು ಮೇಲೆಯೇ ನಿಂತಿರುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಅದು ಉಪ್ಪಿನೊಂದಿಗೆ ಮತ್ತೆ ಒಳಗಿಳಿಯುತ್ತದೆ.

ಬ್ರಾಯ್ಲರ್ ಪ್ಯಾನ್ ಎರಡು ಭಾಗದ್ದು. ಸೀಳುಗಳಿರುವ ಮೇಲಿನ ತಟ್ಟೆಯಿಂದ ಕರಗಿದ ಕೊಬ್ಬು ಕೆಳಗಿನ ತಟ್ಟೆಗೆ ಬಿದ್ದು ಶಾಖದಿಂದ ಮರೆಯಾಗುತ್ತದೆ. ತೊಳೆಯುವ ಶ್ರಮ ಉಳಿಸಲು ಸೀಳುಗಳನ್ನು ಫಾಯಿಲ್‌ನಿಂದ ಮುಚ್ಚುವುದು ಅಪಾಯಕಾರಿ. ಮೇಲೆಯೇ ನಿಂತ ಕೊಬ್ಬಿಗೆ ಬೆಂಕಿ ಹತ್ತಬಹುದು. ಹತ್ತಿದರೆ ಓವನ್ ಆರಿಸಿ ಬಾಗಿಲು ಮುಚ್ಚಿಟ್ಟರೆ ಗಾಳಿಯಿಲ್ಲದೆ ನಂದುತ್ತದೆ, ನೀರು ಸುರಿಯಲೇಬಾರದು. ಗಾಜಿನ ಪಾತ್ರೆ, ಬೇಕಿಂಗ್ ಪೇಪರ್ ಎರಡೂ ಇಲ್ಲಿ ನಿಷಿದ್ಧ. ಬ್ರಾಯ್ಲರ್ ಪ್ಯಾನ್ ಬದಲು ಎರಕಹೊಯ್ದ ಕಬ್ಬಿಣದ ಬಾಣಲೆಯನ್ನು ಮೊದಲೇ ಕಾಯಿಸಿ ಬಳಸುವವರೂ ಇದ್ದಾರೆ. ಆಗ ಕೆಳಗಿನಿಂದ ಲೋಹದ ಶಾಖ, ಮೇಲಿನಿಂದ ವಿಕಿರಣ, ಎರಡೂ ಒಟ್ಟಿಗೆ ಸಿಗುತ್ತವೆ. ಸಾಧಾರಣ ಓವನ್ ಇರುವ ಮನೆಗೆ ಇದೇ ಉತ್ತಮ ದಾರಿ. ಏಕೆಂದರೆ ಹೋಟೆಲಿನ ಬ್ರಾಯ್ಲರ್‌ಗಳ ಲೆಕ್ಕವೇ ಬೇರೆ: ನ್ಯೂ ಆರ್ಲಿಯನ್ಸ್‌ನಲ್ಲಿ ರೂತ್ ಫರ್ಟೆಲ್ 1965ರಲ್ಲಿ ಕೊಂಡ ಸ್ಟೇಕ್‌ಹೌಸ್‌ನಿಂದ ಬೆಳೆದ ರೂತ್ಸ್ ಕ್ರಿಸ್, ತನ್ನ ಬ್ರಾಯ್ಲರ್‌ಗಳ ಶಾಖ 1,800 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 980 ಡಿಗ್ರಿ ಸೆಲ್ಸಿಯಸ್ ಎಂದು ಹೇಳಿಕೊಳ್ಳುತ್ತದೆ.

ಒಂದಿಂಚಿನ ಸ್ಟೇಕ್‌ಗೆ ಮೊದಲ ಮಗ್ಗುಲು ನಾಲ್ಕರಿಂದ ಆರು ನಿಮಿಷ, ಮಗುಚಿದ ಮೇಲೆ ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಓವನ್‌ನಿಂದ ಓವನ್‌ಗೆ ಇದು ಬದಲಾಗುವುದರಿಂದ ಗಡಿಯಾರಕ್ಕಿಂತ ಥರ್ಮಾಮೀಟರನ್ನು ನಂಬುವುದು ಮೇಲು. ಅದರ ಮೊನೆಯನ್ನು ಪಕ್ಕದಿಂದ ನಡುಭಾಗಕ್ಕೆ ಚುಚ್ಚಬೇಕು. ಮೀಡಿಯಂ ರೇರ್ ಹದಕ್ಕೆ 54ರಿಂದ 57 ಡಿಗ್ರಿ ಸೆಲ್ಸಿಯಸ್, ಮೀಡಿಯಂಗೆ 60ರಿಂದ 63. ಹೊರತೆಗೆದ ಮೇಲೂ ಒಳಗಿನ ಬಿಸಿ ಕೆಲವು ಡಿಗ್ರಿ ಏರುವುದರಿಂದ ಸ್ವಲ್ಪ ಮೊದಲೇ ತೆಗೆಯಬೇಕು. ಅಮೆರಿಕದ ಕೃಷಿ ಇಲಾಖೆಯ ಸುರಕ್ಷತಾ ಸಲಹೆ ಇನ್ನೂ ಬಿಗಿ: ಇಡಿಯಾದ ತುಂಡಿಗೆ 63 ಡಿಗ್ರಿ, ಮೇಲೆ ಮೂರು ನಿಮಿಷದ ವಿರಾಮ. ಕೈಮಾಕ್ಕೆ 71 ಡಿಗ್ರಿ, ಏಕೆಂದರೆ ಮೇಲ್ಮೈಯ ಬ್ಯಾಕ್ಟೀರಿಯಾ ಅರೆಯುವಾಗ ಒಳಗೆಲ್ಲ ಬೆರೆತಿರುತ್ತದೆ. ತಟ್ಟೆಗೆ ಒಸರುವ ಕೆಂಪು ರಸ ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಬೆರೆತ ನೀರು.

ಬೆಂದ ಸ್ಟೇಕನ್ನು ಐದು ನಿಮಿಷವಾದರೂ ಜಾಲರಿಯ ಮೇಲೆ ಬಿಡಬೇಕು. ಅಗಲವಾಗಿ, ಉದ್ದ ಎಳೆಗಳಿರುವ ಫ್ಲ್ಯಾಂಕ್‌ನಂಥ ಗಟ್ಟಿ ತುಂಡನ್ನು ಬ್ರಾಯ್ಲರ್‌ನಲ್ಲಿ ಸುಟ್ಟಿದ್ದರೆ ಎಳೆಗಳಿಗೆ ಅಡ್ಡವಾಗಿ, ತೆಳ್ಳಗೆ ಕತ್ತರಿಸಿ ಬಡಿಸಬೇಕು. ಎಳೆಗಳ ಜಾಡಿನಲ್ಲೇ ಕೊಯ್ದರೆ ಅದು ಅಗಿಯಲಾರದಷ್ಟು ನಾರುನಾರಾಗಿರುತ್ತದೆ.