ಶಿಬಿರದಿಂದ ಮನೆಗೆ ಮೊದಲ ಸುದ್ದಿ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ಬೀಗ ಬೀಳುತ್ತಿದ್ದಂತೆ ಕರಾವಳಿಯ ಚರ್ಚುಗಳ ಅಂಗಳದಲ್ಲಿ ಮಕ್ಕಳ ಗದ್ದಲ ಶುರುವಾಗುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಅದಕ್ಕೆ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಎಂಬ ಹೆಸರು. ಕ್ಯಾಥೋಲಿಕ್ ಚರ್ಚುಗಳಲ್ಲಿ ಧರ್ಮೋಪದೇಶದ ಶಿಬಿರ, ಪೀಠಸೇವಕರ ಶಿಬಿರ, ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಕ್ಕಳ ತಯಾರಿ. ಹಾಡು, ಬೈಬಲ್ ಕಥೆ, ಚಿತ್ರ ಬಿಡಿಸುವುದು, ಮಧ್ಯಾಹ್ನದ ಊಟ, ಸಂಜೆ ವಾಲಿಬಾಲ್. ಕೆಲವು ಶಿಬಿರಗಳಿಂದ ಮಕ್ಕಳು ಸಂಜೆಯೇ ಮನೆಗೆ ಮರಳುತ್ತಾರೆ. ಇನ್ನು ಕೆಲವು ಕಡೆ ಮೂರು ನಾಲ್ಕು ರಾತ್ರಿ ಅಲ್ಲೇ ವಾಸ್ತವ್ಯ.

ಮಗುವಿನ ಚೀಲಕ್ಕೆ ಟವೆಲ್, ಬ್ರಷ್ ತುಂಬಿ ಗೇಟಿನವರೆಗೆ ಬಿಟ್ಟು ಬರುವ ತಾಯಿ ಆ ಹೊತ್ತಿನಿಂದ ಶಿಬಿರದ ಮಾತನ್ನೇ ನಂಬಿಕೊಂಡು ಇರಬೇಕಾಗುತ್ತದೆ. ಎಲ್ಲ ಸರಿಯಿದ್ದಾಗ ಆ ಮಾತಿನ ಬೆಲೆ ಯಾರಿಗೂ ತಿಳಿಯುವುದಿಲ್ಲ. ಮಳೆ ಕವಿದಾಗ, ರೋಗ ಹಬ್ಬಿದಾಗ, ಮಗುವೊಂದು ಬಿದ್ದು ಪೆಟ್ಟು ಮಾಡಿಕೊಂಡಾಗ ಅದರ ಬೆಲೆ ಗೊತ್ತಾಗುತ್ತದೆ. ಈ ಅಧ್ಯಾಯ ಆ ಮಾತಿನ ಕುರಿತದ್ದು.

ಮಕ್ಕಳನ್ನು ಮನೆಯಿಂದ ದೂರ ಕರೆದೊಯ್ದು ಕೆಲವು ದಿನ ಇರಿಸಿಕೊಳ್ಳುವ ಕ್ರೈಸ್ತ ಶಿಬಿರದ ಪದ್ಧತಿ ಹಳೆಯದು. 1885ರಲ್ಲಿ ಸಮ್ನರ್ ಡಡ್ಲಿ ಎಂಬಾತ ವೈ.ಎಂ.ಸಿ.ಎ. ಪರವಾಗಿ ಏಳು ಹುಡುಗರನ್ನು ಕರೆದುಕೊಂಡು ನ್ಯೂಯಾರ್ಕ್ ರಾಜ್ಯದ ಕೆರೆಯೊಂದರ ದಡದಲ್ಲಿ ಡೇರೆ ಹಾಕಿದ. ಅವನ ಹೆಸರಿನ ಶಿಬಿರ ಇಂದಿಗೂ ನಡೆಯುತ್ತಿದೆ. ಆಗ ಮನೆಗೂ ಶಿಬಿರಕ್ಕೂ ನಡುವೆ ಇದ್ದದ್ದು ಕಾಗದ ಮಾತ್ರ. ಈಗ ಮೊಬೈಲ್ ಬಂದಿದೆ ನಿಜ. ಆದರೆ ಬಹುತೇಕ ಶಿಬಿರಗಳು ಮಕ್ಕಳ ಕೈಯಲ್ಲಿ ಫೋನ್ ಇರಗೊಡುವುದಿಲ್ಲ, ಇರಗೊಡಬಾರದು ಕೂಡ. ಹಾಗಾಗಿ ಮನೆಯವರಿಗೆ ಇರುವುದು ಒಂದೇ ದಾರಿ, ಶಿಬಿರ ನಡೆಸುವವರ ಬಾಯಿ. ಆ ಬಾಯಿ ಮುಚ್ಚಿಕೊಂಡರೆ ಊರಿನ ಬಾಯಿ ತೆರೆಯುತ್ತದೆ.

ಊರಿನ ಬಾಯಿ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದನ್ನು ಉತ್ತರ ಕನ್ನಡದ ಕರಾವಳಿಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದ ಕೆರೆಯೊಂದರಲ್ಲಿ ಯುವಕನ ಶವ ಸಿಕ್ಕಿತು. ಅವನನ್ನು ಹೇಗೆ ಕೊಂದರು ಎಂಬ ಭಯಾನಕ ವರ್ಣನೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಕುಮಟಾ, ಶಿರಸಿ, ಕಾರವಾರದಲ್ಲೂ ಗಲಭೆಯ ಬಿಸಿ ತಟ್ಟಿತು. ಹರಿದಾಡುತ್ತಿದ್ದ ಒಂದೊಂದು ಮಾತಿಗೂ ವಿಧಿವಿಜ್ಞಾನ ವೈದ್ಯರಿಂದ ಉತ್ತರ ಪಡೆದು ಪೊಲೀಸರು ಪ್ರಕಟಿಸುವ ಹೊತ್ತಿಗೆ ಬೆಂಕಿ ಹೊತ್ತಿಯಾಗಿತ್ತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ. ಶಿಬಿರದ ಸಂಗತಿ ಇಷ್ಟು ದೊಡ್ಡದಲ್ಲ. ಆದರೂ ತಡವಾಗಿ ಬಂದ ನಿಜ ಮೊದಲು ಬಂದ ಸುಳ್ಳನ್ನು ಅಟ್ಟಿಸಿಕೊಂಡು ಓಡಬೇಕಾಗುತ್ತದೆ ಎಂಬುದು ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ.

ಕೋವಿಡ್ ಕಾಲ ಎಲ್ಲ ಶಿಬಿರಗಳಿಗೂ ಪರೀಕ್ಷೆ ಒಡ್ಡಿತು. 2020ರ ಮಾರ್ಚ್ 13ರಂದು ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರಗಳನ್ನು ಮುಚ್ಚಿಸಿದಾಗ ತಡೆಹಿಡಿದ ಕಾರ್ಯಕ್ರಮಗಳಲ್ಲಿ ಬೇಸಿಗೆ ಶಿಬಿರಗಳೂ ಇದ್ದವು. ಅದೇ ತಿಂಗಳು ದುಬೈಯಿಂದ ಮರಳಿದವರಲ್ಲಿ ಸೋಂಕು ಕಾಣಿಸಿಕೊಂಡು ಭಟ್ಕಳದ ಹೆಸರು ರಾಜ್ಯದ ಎಲ್ಲ ವಾಹಿನಿಗಳಲ್ಲಿ ಬರತೊಡಗಿತು. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ದೇಶದ ಕ್ರೈಸ್ತರು ಮನೆಯೊಳಗೆ ಕೂತು ಪರದೆಯ ಮೇಲೆ ನೋಡಿದರು. ಆ ಬೇಸಿಗೆಯಲ್ಲಿ ಶಿಬಿರ ನಿಂತಿತು ಎನ್ನುವುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೇಳಬೇಕಾಗಿದ್ದವು ಬೇರೆ. ಕಟ್ಟಿದ ಹಣ ಏನಾಗುತ್ತದೆ? ಪ್ರಥಮ ಪರಮಪ್ರಸಾದ ಯಾವಾಗ? ಹೊಲಿಸಿಟ್ಟ ಬಿಳಿ ಅಂಗಿ ಮುಂದಿನ ವರ್ಷದ ಹೊತ್ತಿಗೆ ಮಗುವಿಗೆ ಚಿಕ್ಕದಾದರೆ? ಕೊನೆಯ ಪ್ರಶ್ನೆ ಹಿರಿಯರಿಗೆ ಸಣ್ಣದೆನಿಸಬಹುದು, ಮಗುವಿಗಲ್ಲ. ದಿನಾಂಕ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ, ಮತ್ತೆ ಯಾವ ದಿನ ತಿಳಿಸುತ್ತೇವೆ ಎಂಬುದನ್ನು ಹೇಳುವುದು ಇಂಥ ಹೊತ್ತಿನ ಸರಿಯಾದ ಉತ್ತರ.

ಅನೇಕ ಸಭೆಗಳು ಆಗ ಪರದೆಯ ಮೇಲೆ ವಿ.ಬಿ.ಎಸ್. ನಡೆಸಿದವು. ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಇರುವ ಕಡೆ ಅದು ಮುಟ್ಟಲಿಲ್ಲ. ಅಂಥಲ್ಲಿ ಉಪಯೋಗಕ್ಕೆ ಬರುವುದು ಹಳೆಯ ಜಾಲ. ಕರಾವಳಿಯ ಕೊಂಕಣಿ ಕ್ಯಾಥೋಲಿಕರಲ್ಲಿ ಪ್ರತಿ ಚರ್ಚು ವಾಡೆಗಳಾಗಿ ಹಂಚಿಹೋಗಿರುತ್ತದೆ, ವಾಡೆಗೊಬ್ಬ ಗುರ್ಕಾರ, ಅಂದರೆ ಮುಖಂಡ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗ ಕುವೈತಿನಲ್ಲಿದ್ದಾನೆ, ಯಾರ ಮನೆಯ ಫೋನು ಕೆಟ್ಟಿದೆ ಎಂಬುದೆಲ್ಲ ಗುರ್ಕಾರನಿಗೆ ಬಾಯಿಪಾಠ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ ರೂಪುಗೊಳ್ಳುವುದಕ್ಕೂ ಎಷ್ಟೋ ಹಿಂದಿನಿಂದ ಸುದ್ದಿ ಮುಟ್ಟಿಸುವ ಕೆಲಸವನ್ನು ಇಂಥ ಜನ ಮಾಡಿಕೊಂಡು ಬಂದಿದ್ದಾರೆ. ವಾಟ್ಸ್ಯಾಪ್ ಗುಂಪು ಮಾಡಿದ ಮೇಲೆ ಗುರ್ಕಾರ ಬೇಡವೆಂದುಕೊಳ್ಳುವ ಶಿಬಿರ ತನ್ನ ಅತ್ಯಂತ ಗಟ್ಟಿ ತಂತಿಯನ್ನು ತಾನೇ ಕತ್ತರಿಸಿಕೊಂಡಂತೆ.

ಈ ಸೀಮೆಯ ಮನೆಗಳ ಬದುಕು ಹೇಗಿದೆಯೋ ಸುದ್ದಿಯ ಏರ್ಪಾಟೂ ಹಾಗೆಯೇ ಇರಬೇಕು. ಎಷ್ಟೋ ಮನೆಗಳ ಯಜಮಾನರು ಕೊಲ್ಲಿಯಲ್ಲಿದ್ದಾರೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಕುವೈತಿನದು ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ ಆರಕ್ಕೆ ಹೊನ್ನಾವರದಿಂದ ಹೊರಟ ಸಂದೇಶ ಕುವೈತಿನಲ್ಲಿ ಮೂರೂವರೆಗೆ ಫೋನನ್ನು ಗುಂಯ್‌ಗುಡಿಸುತ್ತದೆ. ಕತ್ತಲಲ್ಲಿ ಎದ್ದು ಕೂತು ಓದುವ ಆ ಅಪ್ಪನಿಗೆ ಓಡಿಬರಲು ದಾರಿಯಿಲ್ಲ. ಅವನಿಗೆ ಅರೆಬರೆ ವಾಕ್ಯ ಕಳಿಸುವುದು ಕ್ರೌರ್ಯ. ಇನ್ನು ಮೀನುಗಾರಿಕೆಯ ಮನೆಗಳು. ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಶುರುವಾಗುವುದು ಜೂನ್ 1ಕ್ಕೆ. ಶಿಬಿರದ ಮೇ ತಿಂಗಳಲ್ಲಿ ದೋಣಿಗಳು ಕಡಲಿನಲ್ಲಿರುತ್ತವೆ, ಅಪ್ಪನ ನಂಬರಿಗೆ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಹೆಸರು ನೋಂದಾಯಿಸುವ ದಿನವೇ ಒಂದಲ್ಲ, ಮೂರು ನಂಬರು ಬರೆದುಕೊಳ್ಳಬೇಕು: ಅಪ್ಪ ಅಥವಾ ಅಮ್ಮ, ಹತ್ತಿರದ ನೆಂಟರು, ಪಕ್ಕದ ಮನೆ. ಅಮ್ಮ ಯಾವ ಭಾಷೆ ಸಲೀಸಾಗಿ ಓದುತ್ತಾಳೆ ಎಂಬುದನ್ನೂ ಅಲ್ಲೇ ಕೇಳಬೇಕು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆ, ಬರುವ ಸುತ್ತೋಲೆ ಮಾತ್ರ ಇಂಗ್ಲಿಷಿನಲ್ಲಿ ಎಂದಾದರೆ ಅದನ್ನು ಓದಿ ಹೇಳಲು ಶಿಬಿರಕ್ಕೆ ಹೋದ ಮಗುವೇ ಬೇಕಾಗುತ್ತದೆ.

ಮೇ ತಿಂಗಳ ಅರಬ್ಬಿ ಸಮುದ್ರ ನಂಬುವಂಥದ್ದಲ್ಲ. 2021ರ ಮೇ 15, 16ರಂದು ತೌಕ್ತೆ ಚಂಡಮಾರುತ ಈ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿನತ್ತ ಹೋಯಿತು. ಕೋವಿಡ್ ಎರಡನೇ ಅಲೆಗೆ ರಾಜ್ಯ ಲಾಕ್‌ಡೌನ್‌ನಲ್ಲಿದ್ದ ಕಾರಣ ಮಕ್ಕಳೆಲ್ಲ ಮನೆಯಲ್ಲಿದ್ದರು. ಬೇರೆ ವರ್ಷವಾಗಿದ್ದರೆ ಅದು ಶಿಬಿರಗಳ ಕಾಲ. ಅಂಥ ಒಂದು ಸಂಜೆ ಶಿಬಿರವೊಂದು ಮನೆಗಳಿಗೆ ಕಳಿಸಬಹುದಾದ ಸಂದೇಶದ ಮಾದರಿ ಇದು:

“ಮೇ 15, ಸಂಜೆ 5.10. ಶಿಬಿರದ 62 ಮಕ್ಕಳೂ ಚರ್ಚ್ ಸಭಾಭವನದ ಒಳಗಿದ್ದಾರೆ. ಎಣಿಸಿ ನೋಡಿದ್ದೇವೆ. ಗಾಳಿಗೆ ಹೊರಗಿನ ಚಪ್ಪರ ಬಿದ್ದಿದೆ. ಇಬ್ಬರಿಗೆ ತರಚಿದ ಗಾಯವಾಗಿದ್ದು, ಅವರ ಮನೆಯವರೊಂದಿಗೆ ಮಾತಾಡಿದ್ದೇವೆ. ಕರೆಂಟ್ ಇಲ್ಲ, ಊಟಕ್ಕೆ ತೊಂದರೆಯಿಲ್ಲ. ರಸ್ತೆಗೆ ಮರ ಬಿದ್ದಿರುವುದರಿಂದ ದಯವಿಟ್ಟು ಈಗ ಹೊರಡಬೇಡಿ. ಮುಂದಿನ ಸುದ್ದಿ 6 ಗಂಟೆಗೆ.”

ಇದರಲ್ಲಿ ಮೊದಲು ಮಕ್ಕಳು, ಆಮೇಲೆ ಚಪ್ಪರ. ಎಷ್ಟು ಮಕ್ಕಳು ಎಂಬುದೂ ಎಣಿಸಿದ್ದೇವೆ ಎಂಬುದೂ ಇದೆ. ಗಾಯವನ್ನು ಮುಚ್ಚಿಟ್ಟಿಲ್ಲ, ಗಾಯಗೊಂಡವರ ಹೆಸರು ಗುಂಪಿನಲ್ಲಿ ಹಾಕಿಲ್ಲ. ಏನು ಮಾಡಬೇಡಿ ಎಂಬುದಕ್ಕೆ ಕಾರಣ ಕೊಟ್ಟಿದೆ, ಯಾಕೆಂದರೆ ಕಾರಣ ಕೊಡದೆ ಬರಬೇಡಿ ಎಂದರೆ ಅಪ್ಪಂದಿರು ಬೈಕ್ ಹತ್ತಿಯೇ ಹತ್ತುತ್ತಾರೆ. “ಯಾರೂ ಗಾಬರಿಪಡಬೇಡಿ” ಎಂಬ ಸಾಲು ಇಲ್ಲ, ಅದನ್ನು ಓದಿದ ಕೂಡಲೇ ಗಾಬರಿಯಾಗುತ್ತದೆ. ಮುಂದಿನ ಸುದ್ದಿಗೆ ಗಂಟೆ ಗೊತ್ತುಮಾಡಿದೆ. ಆರು ಗಂಟೆಗೆ ಹೊಸದೇನೂ ಇಲ್ಲದಿದ್ದರೆ ಹೊಸದೇನೂ ಇಲ್ಲ ಎಂದೇ ಕಳಿಸಬೇಕು. ಇದನ್ನು ಬರೆಯುವವರು ಒಬ್ಬರೇ ಇರಬೇಕು. ಫಾದರ್ ಒಂದು, ಸಿಸ್ಟರ್ ಒಂದು, ಹಾಡು ಕಲಿಸಲು ಬಂದ ಯುವಕ ಇನ್ನೊಂದು ಹೇಳಿದರೆ ಮೂರೂ ನಿಜವಿದ್ದರೂ ಮನೆಯವರು ಮೂರನ್ನೂ ನಂಬುವುದಿಲ್ಲ.

ಗಾಯ ದೊಡ್ಡದಾದರೆ ಸಂದೇಶ ಸಾಲದು, ಕರೆ ಮಾಡಬೇಕು. ಉತ್ತರ ಕನ್ನಡದಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಗಂಭೀರ ಪ್ರಕರಣಗಳನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಒಯ್ಯಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮೊಬೈಲ್ ಪರದೆಗಳ ತುಂಬ ಎದ್ದಿತ್ತು. ಹಾಗಾಗಿ ಕರೆ ಮಾಡುವವರು ಯಾವ ಆಸ್ಪತ್ರೆಗೆ ಹೊರಟಿದ್ದೇವೆ, ಮಗುವಿನ ಜೊತೆ ಗಾಡಿಯಲ್ಲಿ ಯಾರಿದ್ದಾರೆ, ಅವರ ನಂಬರೇನು ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಕುಮಟಾದ ತಾಯಿ ಶಿಬಿರ ನಡೆಯುತ್ತಿದ್ದ ಭಟ್ಕಳಕ್ಕೆ ಬಂದಿಳಿಯುವಷ್ಟರಲ್ಲಿ ಮಗು ಮಣಿಪಾಲದ ಹಾದಿಯಲ್ಲಿದ್ದರೆ ಅವಳಿಗೆ ಅದೊಂದು ಎರಡನೇ ಪೆಟ್ಟು.

ನೀರಿನ ವಿಷಯದಲ್ಲಂತೂ ಮಾತು ಮೊದಲೇ ಆಗಿರಬೇಕು. 2024ರ ಡಿಸೆಂಬರ್ 10ರಂದು ಭಟ್ಕಳ ತಾಲೂಕಿನ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಬಾಲಕಿಯರು ಮುಳುಗಿ ಸತ್ತರು. ಪ್ರವಾಸಕ್ಕೆ ಬಂದ ಮಕ್ಕಳು ಅವರು. ರಾಜ್ಯದ ಆ ತುದಿಯ ಮನೆಗಳಿಗೆ ಈ ತುದಿಯ ಸಾವಿನ ಸುದ್ದಿ ಹೋಗಬೇಕಾಯಿತು. ಇಲ್ಲಿನ ಶಿಬಿರಗಳಿಂದ ಕಡಲು, ಶರಾವತಿ, ಅಘನಾಶಿನಿ ಯಾವುದೂ ದೂರವಿಲ್ಲ. ಮಕ್ಕಳನ್ನು ನೀರಿನ ಬಳಿ ಕರೆದೊಯ್ಯುತ್ತೇವೆಯೇ, ಒಯ್ದರೆ ಕಾಯುವವರು ಯಾರು ಎಂದು ಒಪ್ಪಿಗೆ ಪತ್ರದಲ್ಲೇ ಬರೆದು ಮನೆಯವರ ಸಹಿ ಪಡೆಯಬೇಕು.

ಇನ್ನೊಂದು ಸುದ್ದಿ ಎಲ್ಲಕ್ಕಿಂತ ಕಠಿಣವಾದದ್ದು. ಶಿಬಿರದಲ್ಲಿ ದೊಡ್ಡವರೊಬ್ಬರು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಸಂಗತಿ ತಿಳಿದರೆ ಸಭೆಯ ಮರ್ಯಾದೆ, ಸಂಸ್ಥೆಯ ಹೆಸರು ಎಂದು ಒಳಗೊಳಗೇ ಮುಗಿಸುವ ಅವಕಾಶ ಕಾನೂನಿನಲ್ಲಿ ಇಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಮಗುವಿನ ಗುರುತನ್ನು ಹೊರಹಾಕುವುದೂ ಅಪರಾಧವೇ. ಆದ್ದರಿಂದ ಆ ಮಗುವಿನ ಮನೆಯವರೊಂದಿಗೆ ಎದುರುಬದುರು ಕೂತು ಮಾತು, ಉಳಿದ ಮನೆಗಳಿಗೆ ಹೆಸರಿಲ್ಲದ ಚುಟುಕು ತಿಳಿವಳಿಕೆ. ಮಕ್ಕಳ ಸಹಾಯವಾಣಿ 1098, ತುರ್ತಿನ 112, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿನ 1077, ಇವು ಶಿಬಿರದ ಗೋಡೆಯ ಮೇಲೂ ಮನೆಗೆ ಹೋಗುವ ಚೀಟಿಯ ಮೇಲೂ ಇರತಕ್ಕವು.

ಕಾಲ ಕೆಟ್ಟಾಗ ಕ್ರೈಸ್ತ ಶಿಬಿರವೊಂದು ಮನೆಗಳೊಂದಿಗೆ ಮಾತನಾಡಿದ ಬಗೆ ಇತ್ತೀಚೆಗೆ ಲೋಕದ ಕಣ್ಣಿಗೆ ಬಿದ್ದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ. ಕ್ಯಾಂಪ್ ಮಿಸ್ಟಿಕ್ ಎಂಬುದು 1926ರಲ್ಲಿ ಶುರುವಾದ ಹೆಣ್ಣುಮಕ್ಕಳ ಬೇಸಿಗೆ ಶಿಬಿರ. 2025ರ ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿ ಉಕ್ಕಿ ಶಿಬಿರಕ್ಕೆ ನುಗ್ಗಿತು. ಮಕ್ಕಳು, ಅವರನ್ನು ನೋಡಿಕೊಳ್ಳುತ್ತಿದ್ದ ತರುಣಿಯರು ಸೇರಿ 27 ಜನ ಹೋದರು. ನಿರ್ದೇಶಕ ಡಿಕ್ ಈಸ್ಟ್‌ಲ್ಯಾಂಡ್ ಅವರೂ ಉಳಿಯಲಿಲ್ಲ. ಕರೆಂಟ್ ಇಲ್ಲ, ಇಂಟರ್ನೆಟ್ ಇಲ್ಲ. ಅಂದು ಶಿಬಿರ ಪೋಷಕರಿಗೆ ಕಳಿಸಿದ ಇಮೇಲಿನ ಸಾರ ಇಷ್ಟು: ಮಗಳು ಪತ್ತೆಯಾಗದಿದ್ದರೆ ನಿಮಗೆ ಈಗಾಗಲೇ ಹೇಳಿದ್ದೇವೆ, ನಿಮ್ಮನ್ನು ಖುದ್ದಾಗಿ ಸಂಪರ್ಕಿಸಿಲ್ಲವಾದರೆ ಮಗಳು ಲೆಕ್ಕಕ್ಕೆ ಸಿಕ್ಕಿದ್ದಾಳೆ. ಶಿಬಿರದಲ್ಲಿ ನೂರಾರು ಹುಡುಗಿಯರಿದ್ದಾಗ ಒಬ್ಬೊಬ್ಬರ ಮನೆಗೂ ಕರೆ ಮಾಡಲಾಗದ ಸ್ಥಿತಿಯಲ್ಲಿ ಅದು ಬಹುಪಾಲು ಪೋಷಕರಿಗೆ ಉಸಿರಾಡಲು ಬಿಟ್ಟಿತು ಎಂಬುದು ನಿಜ. ಆದರೆ ಈ ಬಗೆಯ ಸಂದೇಶದಲ್ಲಿ ಅಪಾಯವೂ ಇದೆ. ಕರೆ ಬಂದಿಲ್ಲ ಎನ್ನುವುದನ್ನೇ ಒಳ್ಳೆಯ ಸುದ್ದಿಯೆಂದು ಮಾಡಿದರೆ, ಫೋನ್ ಆಫ್ ಆಗಿದ್ದ ಮನೆಯವರ ಗತಿಯೇನು? ಅರವತ್ತು ಮಕ್ಕಳ ನಮ್ಮ ಶಿಬಿರಗಳು ಆ ದಾರಿ ಹಿಡಿಯಬೇಕಾಗಿಲ್ಲ. ಐದಾರು ಗುರ್ಕಾರರು ಹಂಚಿಕೊಂಡರೆ ಪ್ರತಿ ಮನೆಗೂ ಅರ್ಧ ಗಂಟೆಯೊಳಗೆ ಮನುಷ್ಯರ ದನಿ ತಲುಪುತ್ತದೆ.

ಟೆಕ್ಸಾಸ್ ಸರ್ಕಾರ ಎರಡೇ ತಿಂಗಳಲ್ಲಿ, 2025ರ ಸೆಪ್ಟೆಂಬರ್ 5ರಂದು, ಹೊಸ ಕಾನೂನಿಗೆ ಸಹಿ ಹಾಕಿತು. ನೆರೆ ಬರುವ ಜಾಗದಲ್ಲಿ ಮಕ್ಕಳು ಮಲಗುವ ಕೋಣೆಗಳು ಇರಕೂಡದು, ಲಿಖಿತ ತುರ್ತು ಯೋಜನೆ ಇರಬೇಕು ಎಂದು ಅದು ಹೇಳುತ್ತದೆ. ಅದೇ ತಿಂಗಳು ಶಿಬಿರದವರು ಇನ್ನೊಂದು ಜಾಗದಲ್ಲಿರುವ ತಮ್ಮ ಕೇಂದ್ರವನ್ನು 2026ರಲ್ಲಿ ತೆರೆಯುವುದಾಗಿ, ಸ್ಮಾರಕವೊಂದನ್ನೂ ಕಟ್ಟುವುದಾಗಿ ಘೋಷಿಸಿದರು. ಮಕ್ಕಳನ್ನು ಕಳಕೊಂಡ ಕೆಲವು ತಂದೆತಾಯಿ ತಮ್ಮನ್ನು ಒಂದು ಮಾತೂ ಕೇಳಲಿಲ್ಲ ಎಂದು ನೊಂದು ನುಡಿದರು. ನೆರೆ ಬಂದ ದಿನದ ಮಾತಿಗಿಂತ ಈ ಘೋಷಣೆಯನ್ನು ಒಪ್ಪುವುದು ಕಷ್ಟವೆಂದು ತೋರುತ್ತದೆ. ಅಂದು ಕತ್ತಲು, ನೀರು, ಗೊಂದಲ ಇದ್ದವು. ಘೋಷಣೆಯ ಹೊತ್ತಿಗೆ ಫೋನು ಇತ್ತು, ಪುರುಸೊತ್ತೂ ಇತ್ತು.

ನೊಂದ ಮನೆಯವರ ದನಿಗೆ ಜಾಗ ಸಿಕ್ಕ ಉದಾಹರಣೆ ಹತ್ತಿರದಲ್ಲೇ ಇದೆ. ನಮ್ಮ ಪಕ್ಕದ ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಕೇರಳದ ಲಾರಿ ಚಾಲಕರೊಬ್ಬರು ಗಂಗಾವಳಿಯ ಪಾಲಾದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಹುಡುಕಾಟ ನಡೆದ ದಿನಗಳಲ್ಲಿ ಅವರ ಸಂಬಂಧಿಕರೊಬ್ಬರು ನದಿಯ ದಡದಲ್ಲಿದ್ದುಕೊಂಡು ಕಾರ್ಯಾಚರಣೆಯನ್ನು ಕಣ್ಣಾರೆ ಕಂಡು ಕೋಯಿಕ್ಕೋಡಿನ ಮನೆಗೆ ಹೇಳುತ್ತಿದ್ದರು. ಹುಡುಕಾಟ ನಿಧಾನವೆಂಬ ಅಸಮಾಧಾನ ಅವರಿಗಿತ್ತು, ಅದನ್ನು ಬಹಿರಂಗವಾಗಿಯೇ ಹೇಳಿದರು. ನೊಂದ ಮನೆಯ ಒಬ್ಬರಿಗೆ ಹತ್ತಿರದಲ್ಲಿರುವ, ಕೇಳುವ, ಸಿಟ್ಟಾಗುವ ಜಾಗ ಕೊಡುವುದೂ ಸುದ್ದಿ ಮುಟ್ಟಿಸುವುದರ ಭಾಗವೇ.

ಶಿಬಿರದಲ್ಲಿ ಸಾವು ಸಂಭವಿಸಿದ ಚರ್ಚಿನಲ್ಲಿ ಮರುವರ್ಷದ ಏಪ್ರಿಲ್ ಬಂದಾಗ ಮಾಡಬೇಕಾದದ್ದಕ್ಕೆ ಒಂದು ಕ್ರಮವಿದೆ. ಶಿಬಿರ ನಡೆಸಬೇಕೇ ಬೇಡವೇ ಎಂಬ ಚರ್ಚೆ ಪಾಲನಾ ಮಂಡಳಿಯಲ್ಲಿ ತೀರ್ಮಾನವಾಗುವ ಮೊದಲೇ ಫಾದರ್ ಮತ್ತು ಆ ವಾಡೆಯ ಗುರ್ಕಾರ ಮಗುವನ್ನು ಕಳಕೊಂಡ ಮನೆಗೆ ಹೋಗಬೇಕು. ಹಿಂದಿನ ವರ್ಷ ಏನು ತಪ್ಪಿತ್ತು, ಏನು ಬದಲಾಗಿದೆ ಎಂಬುದನ್ನು ಬರಹದಲ್ಲಿ ಕೊಡಬೇಕು. ಮನೆಯವರು ಬೇಡವೆಂದರೆ ಆ ವರ್ಷ ನಿಲ್ಲಿಸಬಹುದು. ಆಗಲಿ ಎಂದರೆ ಆ ಮಗುವಿನ ಹೆಸರು ಶಿಬಿರದ ಪ್ರಾರ್ಥನೆಯಲ್ಲಿ ಇರಬೇಕೋ ಬೇಡವೋ ಎಂಬುದನ್ನೂ ಅವರಿಂದಲೇ ಕೇಳಿ ತಿಳಿಯಬೇಕು. ಭಾನುವಾರದ ಪೂಜೆಯ ನಂತರ ಓದುವ ಪ್ರಕಟಣೆ ಇದೆಲ್ಲ ಆದ ಮೇಲಿನದು.