ಗಾಜಿನೆಳೆಗೆ ತಕ್ಕ ಟ್ರಾನ್ಸೀವರ್

ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ಮೂಲಕ ಇಂಟರ್‌ನೆಟ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಒಪ್ಪಿಗೆಯಿತ್ತಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿಕೊಂಡಿತು. ಆದರೆ ಎಳೆಯು ಊರ ಬಾಗಿಲಿಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಶಾಲೆ, ದವಾಖಾನೆ, ಸಹಕಾರಿ ಸಂಘಗಳು ತಮ್ಮ ಕಟ್ಟಡಗಳ ನಡುವೆ ಅದನ್ನು ಹಂಚಿಕೊಳ್ಳಬೇಕು. ಆಗ ಕಿರುಬೆರಳಿನಷ್ಟು ಸಣ್ಣದೊಂದು ಸಾಧನವನ್ನು ಸರಿಯಾಗಿ ಆರಿಸದಿದ್ದರೆ, ಶಾಲೆಯ ಅಲ್ಪ ನಿಧಿಯಿಂದ ಹಾಸಿದ ಎಳೆಯೆಲ್ಲವೂ ಮೂಕವಾಗಿ ಕುಳಿತುಬಿಡುತ್ತದೆ. ಆ ಸಾಧನವೇ ಟ್ರಾನ್ಸೀವರ್.

ಇಲ್ಲಿ ಸ್ವಿಚ್ಚೆಂದರೆ ಗೋಡೆಯ ಮೇಲಿನ ದೀಪದ ಗುಂಡಿಯಲ್ಲ. ಕಂಪ್ಯೂಟರುಗಳಿಂದ ಬಂದ ಸಂದೇಶಗಳನ್ನು ಅಂಚೆಮನೆಯಂತೆ ವಿಳಾಸ ನೋಡಿ ವಿಂಗಡಿಸುವ ಪೆಟ್ಟಿಗೆಯದು. ಅದಕ್ಕೆ ತಿಳಿಯುವುದು ವಿದ್ಯುತ್ತಿನ ಭಾಷೆ. ಗಾಜಿನ ಎಳೆಯಲ್ಲಿ ಹರಿಯುವುದು ಬೆಳಕು. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದು ಟ್ರಾನ್ಸೀವರ್.

ಮೊದಲು ನೋಡಬೇಕಾದದ್ದು ಎಳೆಯ ಜಾತಿ. ಗಾಜಿನ ಎಳೆಯ ಒಟ್ಟು ದಪ್ಪ 125 ಮೈಕ್ರಾನ್. ಬೆಳಕು ಹರಿಯುವ ಒಳತಿರುಳು ಸಿಂಗಲ್ ಮೋಡ್ ಎಳೆಯಲ್ಲಿ ಸುಮಾರು 9 ಮೈಕ್ರಾನ್, ಮಲ್ಟಿಮೋಡ್ ಎಳೆಯಲ್ಲಿ 50 ಅಥವಾ 62.5 ಮೈಕ್ರಾನ್. ಅಗಲವಾದ ತಿರುಳಿನಲ್ಲಿ ಬೆಳಕು ಹಲವು ದಾರಿ ಹಿಡಿದು ಹಿಂದುಮುಂದಾಗಿ ಬರುತ್ತದೆ. ಗೋಲಗುಂಬಜದೊಳಗೆ ಆಡಿದ ಮಾತಿನಂತೆ, ದೂರ ಹೆಚ್ಚಿದಷ್ಟೂ ಸಂದೇಶ ಕಲಸಿಹೋಗುತ್ತದೆ. ಆದುದರಿಂದ ಮಲ್ಟಿಮೋಡ್ ಹತ್ತಿರಕ್ಕೆ, ಸಿಂಗಲ್ ಮೋಡ್ ದೂರಕ್ಕೆ. ಕಟ್ಟಡದೊಳಗಿನ ಎಳೆಗಳಲ್ಲಿ ಹಳದಿ ಹೊದಿಕೆಯಿದ್ದರೆ ಸಾಮಾನ್ಯವಾಗಿ ಸಿಂಗಲ್ ಮೋಡ್, ಕಿತ್ತಳೆ ಬಣ್ಣವಿದ್ದರೆ ಮಲ್ಟಿಮೋಡ್.

ಎರಡನೆಯದು ತರಂಗಾಂತರ. ನಮ್ಮ ಶ್ರೋತೃಗಳಿಗೆ ಈ ಶಬ್ದ ಹೊಸದಲ್ಲ. ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್ ಎಂದರೆ ಸುಮಾರು 392 ಮೀಟರು ತರಂಗಾಂತರ. ಮುಳ್ಳು ಅಲ್ಲಿಗೆ ಬಾರದೆ ಧ್ವನಿ ಕೇಳದು. ಇಲ್ಲಿಯೂ ಅದೇ ನಿಯಮ, ಅಳತೆ ಮಾತ್ರ ನ್ಯಾನೋಮೀಟರು. ಮಲ್ಟಿಮೋಡಿಗೆ ಸಾಮಾನ್ಯವಾಗಿ 850, ಸಿಂಗಲ್ ಮೋಡಿಗೆ 1310 ಅಥವಾ 1550. ಎರಡೂ ತುದಿಗಳು ಒಂದಕ್ಕೊಂದು ಹೊಂದಬೇಕು. ಒಂದೇ ಎಳೆಯಲ್ಲಿ ಹೋಗುಬರುವ ಜೋಡಿಗಳಲ್ಲಿ ಒಂದು 1310ರಲ್ಲಿ ಆಡಿ 1490ರಲ್ಲಿ ಕೇಳಿದರೆ, ಎದುರಿನದು 1490ರಲ್ಲಿ ಆಡಿ 1310ರಲ್ಲಿ ಕೇಳಬೇಕು. ಎರಡು ತುದಿಗೂ ಒಂದೇ ಬಗೆಯದನ್ನು ತಂದರೆ ಇಬ್ಬರೂ ಕಿವುಡರೇ.

ಮೂರನೆಯದು ದೂರ. ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಮಸಗುಪ್ಪಿಯಂಥ ಊರಿನಲ್ಲಿ ಒಂದೇ ಆವಾರದ ಎರಡು ಕಟ್ಟಡಗಳಿಗೆ 200 ಮೀಟರು ಮಲ್ಟಿಮೋಡ್ ಎಳೆ ಹಾಸಿದ್ದರೆ, 50 ಮೈಕ್ರಾನ್ ಎಳೆಯ ಮೇಲೆ 550 ಮೀಟರಿನವರೆಗೆ ನಡೆಯುವ ಒಂದು ಗಿಗಾಬಿಟ್ಟಿನ ಎಸ್‌ಎಕ್ಸ್ ಬಗೆ ಧಾರಾಳವಾಯಿತು. ಹೊಲಗಳ ಬದಿಯಿಂದ 8 ಕಿಲೋಮೀಟರು ಸಾಗಬೇಕಾದರೆ ಸಿಂಗಲ್ ಮೋಡ್ ಎಳೆ, 10 ಕಿಲೋಮೀಟರಿನ ಎಲ್‌ಎಕ್ಸ್ ಬಗೆ ಬೇಕು. ಕಾಲುವೆಯ ನೀರು ಕೊನೆಯ ಹೊಲ ಮುಟ್ಟುವಷ್ಟರಲ್ಲಿ ಇಳಿಯುವಂತೆ ಬೆಳಕೂ ಇಳಿಯುತ್ತದೆ: ಕಿಲೋಮೀಟರಿಗೆ 0.35 ಡೆಸಿಬೆಲ್‌ನಂತೆ 2.8, ಎರಡು ಕನೆಕ್ಟರುಗಳಿಗೆ 1, ನಾಲ್ಕು ಬೆಸುಗೆಗಳಿಗೆ 0.4, ಒಟ್ಟು 4.2. ಈ ಬಗೆಯ ಟ್ರಾನ್ಸೀವರಿನ ಬಂಡವಾಳ ಸುಮಾರು 10 ಡೆಸಿಬೆಲ್. ಉಳಿದದ್ದು, ನಾಳೆ ರಸ್ತೆ ಅಗೆಯುವವರು ಎಳೆ ಕಡಿದಾಗ ಹಾಕುವ ಹೊಸ ಬೆಸುಗೆಗಳಿಗೆ ಮೀಸಲು.

ಹಾಗಾದರೆ 80 ಕಿಲೋಮೀಟರಿನದನ್ನೇ ಕೊಂಡರೆ ನಿಶ್ಚಿಂತೆಯಲ್ಲವೆ? ಅಲ್ಲ. ಬೆಲೆ ಹೆಚ್ಚು, ಅದರ ಪ್ರಖರ ಬೆಳಕು ಹತ್ತಿರದ ಗ್ರಾಹಕವನ್ನು ಕುರುಡಾಗಿಸುತ್ತದೆ, ಕೆಡಿಸಲೂಬಹುದು. ಶಕ್ತಿಗಿಂತ ಹೊಂದಿಕೆ ದೊಡ್ಡದು.

ಇನ್ನುಳಿದವು ಚಿಕ್ಕ ಮಾತುಗಳು. ಎಸ್‌ಎಫ್‌ಪಿ ಒಂದು ಗಿಗಾಬಿಟ್ಟಿನದು, ಎಸ್‌ಎಫ್‌ಪಿ ಪ್ಲಸ್ ಹತ್ತರದು. ಆಕಾರ ಒಂದೇ ಆದರೂ ವೇಗ ಬೇರೆ. ಕೆಲವು ಸ್ವಿಚ್ಚುಗಳು ಅನ್ಯ ಕಂಪನಿಯ ಟ್ರಾನ್ಸೀವರನ್ನು ಒಪ್ಪುವುದಿಲ್ಲ. ಕೊಳ್ಳುವ ಮೊದಲೇ ಕೇಳಿಕೊಳ್ಳಿರಿ. ಎಳೆಯ ತುದಿಗೆ ಧೂಳು ತಾಗಗೊಡಬೇಡಿರಿ. ಈ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಕೆಡಿಸಬಲ್ಲದು; ಎಳೆಯೊಳಗೆ ಇಣಿಕಿ ನೋಡಲೇಬಾರದು.

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಎಳೆಯ ಜಾತಿ, ಎಳೆಗಳ ಸಂಖ್ಯೆ, ಹಾಸಿದ ದಾರಿಯ ಉದ್ದ, ವೇಗ, ಎರಡೂ ತುದಿಯ ಸ್ವಿಚ್ಚುಗಳ ಹೆಸರು, ಇಷ್ಟನ್ನು ಬರೆದುಕೊಳ್ಳಿರಿ. ಆ ಚೀಟಿ ಕೈಯಲ್ಲಿದ್ದರೆ ಮಾರುವವನ ಮಾತಿಗೆ ಮರುಳಾಗುವ ಪ್ರಸಂಗ ಬಾರದು.