ಹಿಟ್ಟಿನ ಪಾತ್ರೆಯನ್ನು ಯಾವಾಗ ತೆರೆದು ನೋಡಬೇಕು?

ಪಾಕಕ್ಕೆ ಕಾಲಜ್ಞಾನವೇ ಮುಖ್ಯವೆಂದು ಹೇಳುವವರು ಬಹಳ. ಆ ಕಾಲವನ್ನು ಗುರುತಿಸುವ ಬಗೆಯನ್ನು ಹೇಳುವವರು ವಿರಳ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಕೊಡಿಗೇನಹಳ್ಳಿಯ ಮನೆಯಲ್ಲಿ ನೆಲಸಿರುವ ನಮಗೆ ಈ ವಿಷಯದಲ್ಲಿ ಗುರುವಾದದ್ದು ಒಂದು ಇಡ್ಲಿ ಹಿಟ್ಟಿನ ಪಾತ್ರೆ.

ಕಳೆದ ಮಾರ್ಗಶಿರದಲ್ಲಿ ನಮ್ಮ ಮಗಳ ಸೀಮಂತ. ಬೀಗರು ಮುಂಜಾನೆಗೇ ಬರುವವರಿದ್ದರು. ಮನೆಯವಳ ಬಲಗೈ ಮುರಿದು ಕಟ್ಟು ಹಾಕಿದ್ದುದರಿಂದ ಹಿಟ್ಟಿನ ಹೊಣೆ ನಮ್ಮ ಮೇಲೆ ಬಿದ್ದಿತು. ರುಬ್ಬಿದ್ದೇನೋ ಸರಿಯಾಗಿಯೇ ಇತ್ತು. ಆದರೆ ರಾತ್ರಿಯೆಲ್ಲ ನಮಗೆ ನಿದ್ರೆಯಿಲ್ಲ. ಗಂಟೆಗೊಮ್ಮೆ ಎದ್ದು ಮುಚ್ಚಳ ತೆಗೆದು, ಸೌಟಿನಿಂದ ಕಲಕಿ ನೋಡಿದೆವು. ಬೆಳಗಾದಾಗ ಹಿಟ್ಟು ಇದ್ದಲ್ಲೇ ಇತ್ತು, ಇಡ್ಲಿ ಕಲ್ಲಾಗಿತ್ತು. ಬೀಗರು ಸೌಜನ್ಯದಿಂದ ಎರಡೆರಡು ತಿಂದೆದ್ದರು. ಅವರು ಹೋದ ಮೇಲೆ ಮನೆಯವಳು ಅಂದದ್ದು ಇಷ್ಟೇ: "ಏನೂಂದ್ರೆ, ತೊಟ್ಟಿಲ ಕೂಸನ್ನು ಗಳಿಗೆಗೊಮ್ಮೆ ಎಬ್ಬಿಸಿ, ನಿದ್ರೆ ಬಂತೇ ಅಂತ ಕೇಳಿದರೆ ಅದು ಮಲಗೀತೇ?"

ಆ ಮಾತು ನಮ್ಮನ್ನು ವಿಚಾರಕ್ಕೆ ಹಚ್ಚಿತು. ಆಯುರ್ವೇದದಲ್ಲಿ ಹುದುಗಿಸುವ ಕ್ರಿಯೆಗೆ ಸಂಧಾನವೆಂದು ಹೆಸರು. ಧಾನ್ಯ, ನೀರು, ಶಾಖ ಈ ಮೂರೂ ತಮ್ಮೊಳಗೆ ಒಪ್ಪಂದಕ್ಕೆ ಬರಬೇಕು; ಸಂಧಾನದ ನಡುವೆ ಅವಸರಗೊಳಿಸುವವನು ಕೆಲಸ ಕೆಡಿಸುತ್ತಾನೆ. ಹುದುಗು ಜೀವಾಣುಗಳ ಕೆಲಸವೆಂದು ಫ್ರಾನ್ಸಿನ ಪಾಶ್ಚರನು 1857ರಲ್ಲಿ ಹಾಲಿನ ಹುಳಿಯನ್ನು ಕುರಿತು ಬರೆದು ತೋರಿಸಿದನು. ಇಡ್ಲಿ ಹಿಟ್ಟಿನಲ್ಲಿ ಈ ಕೆಲಸಕ್ಕೆ ಮೊದಲಿಡುವುದು ಉದ್ದಿನ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಎಂಬ ಜೀವಾಣು. ಅದು ಹುಳಿಯನ್ನೂ ವಾಯುವನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಉದ್ದಿನ ಜಿಗುಟು ಆ ವಾಯುವನ್ನು ಹಿಡಿದಿಡುತ್ತದೆ. ಚಳಿಯಲ್ಲಿ ಜೀವಾಣು ಮಂದವಾಗುತ್ತದೆ. ನಾವೋ, ಕೂಡಿದ್ದ ಅಲ್ಪ ವಾಯುವನ್ನೂ ಸೌಟಿನಿಂದ ಹೊರದೂಡಿದ್ದೆವು.

ನಮ್ಮ ನಾಡಿನ ಇಡ್ಲಿ ಬಹು ಹಳೆಯದು. ಸುಮಾರು 920ರ ವಡ್ಡಾರಾಧನೆಯಲ್ಲಿ ಅದರ ಹೆಸರುಂಟು. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ವಿಧಾನವುಂಟು. ಅಲ್ಲಿ ಅಕ್ಕಿಯ ಮಾತಿಲ್ಲ.

ಹುದುಗನ್ನು ಪರೀಕ್ಷಿಸುವ ಬಗೆ ಬೇರೆಡೆಯೂ ಉಂಟು. ಅರಿಷ್ಟ ಮಾಡುವ ವೈದ್ಯರು ಗಡಿಗೆಯ ಬಾಯಲ್ಲಿ ಉರಿಯುವ ಬತ್ತಿಯನ್ನು ಹಿಡಿಯುತ್ತಾರೆ. ಬತ್ತಿ ಆರಿದರೆ ಸಂಧಾನ ನಡೆಯುತ್ತಿದೆ, ಉರಿಯುತ್ತಲೇ ಇದ್ದರೆ ಮುಗಿದಿದೆ. ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲೇ ಬಿಯರು ಮಾಡುವವರು ದ್ರವದ ಸಾಂದ್ರತೆಯನ್ನು ಅಳೆಯುತ್ತಾರೆ. ಎರಡು ಮೂರು ದಿನಗಳ ಅಂತರದಲ್ಲಿ ಅಳತೆ ಬದಲಾಗದಿದ್ದರೆ ಹುದುಗು ಮುಗಿದಂತೆ. ಅವರೂ ಪದೇ ಪದೇ ತೆರೆಯರು. ಗಾಳಿ ಹೊಕ್ಕರೆ ಪಾನೀಯ ಕೆಡುವುದೆಂಬ ಭಯ.

ಇನ್ನು ನಮ್ಮ ಮನೆಯ ಕ್ರಮ. ಒಂದು ಪಾಲು ಉದ್ದಿಗೆ ಮೂರು ಪಾಲು ಅಕ್ಕಿ. ಪಾತ್ರೆ ಅರ್ಧ ಮಾತ್ರ ತುಂಬಿರತಕ್ಕದ್ದು. ಹಿಟ್ಟಿನ ಮಟ್ಟಕ್ಕೆ ಹೊರಗಡೆ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ಬೇಸಿಗೆಯಲ್ಲಿ ಆರನೆಯ ಗಂಟೆಗೆ, ಚಳಿಗಾಲದಲ್ಲಿ ಹನ್ನೆರಡನೆಯ ಗಂಟೆಗೆ ಮೊದಲ ಸಲ ನೋಡಿರಿ. ಸೌಟು ಬೇಡ, ಕಣ್ಣೇ ಸಾಕು. ಗೆರೆಯಿಂದ ಒಂದೂವರೆಯಷ್ಟಾದರೂ ಏರಿ, ಮೇಲೆ ಗುಳ್ಳೆಗಳೆದ್ದು, ನವಿರಾದ ಹುಳಿ ವಾಸನೆ ಬಂದಿದ್ದರೆ, ಒಂದು ತೊಟ್ಟನ್ನು ನೀರಿಗೆ ಬಿಡಿರಿ. ತೇಲಿದರೆ ಸಿದ್ಧ. ಏರಿಲ್ಲದಿದ್ದರೆ ಮುಚ್ಚಿ, ಬೆಚ್ಚಗಿನ ಎಡೆಯಲ್ಲಿಟ್ಟು, ಎರಡು ಗಂಟೆ ಬಿಟ್ಟು ನೋಡಿರಿ. ಉಬ್ಬಿ ನಡುವೆ ಕುಸಿದಿದ್ದರೆ ಹೊತ್ತು ಮೀರಿದೆ. ಅದು ದೋಸೆಗೋ ಪಡ್ಡಿಗೋ ಒದಗುತ್ತದೆ. ದುರ್ವಾಸನೆಯಿದ್ದರೆ, ಬಣ್ಣಬಣ್ಣದ ಬೂಷ್ಟು ಕಂಡರೆ, ಚೆಲ್ಲುವುದೇ ಲೇಸು.

ಮೊನ್ನೆ ಮಗುವಿನ ನಾಮಕರಣಕ್ಕೆ ಅದೇ ಬೀಗರು ಬಂದಿದ್ದರು. ಹಿಂದಿನ ರಾತ್ರಿ ಗೆರೆಯೆಳೆದು, ಪಾತ್ರೆ ಮುಚ್ಚಿ, ನಾವು ಸುಖವಾಗಿ ಮಲಗಿದೆವು. ಬೀಗರು ಈ ಸಲ ಎರಡಕ್ಕೆ ನಿಲ್ಲಿಸಲಿಲ್ಲ.